ಗಿರಿಜವ್ವ ದಂಟು ನೆಟ್ಟರೆ ದಾರಿ

ಈಗಷ್ಟೇ ಬೆಳಕು ಹರಿಯುತ್ತಿದೆ. ಕಾಗವಾಡ ತಾಲ್ಲೂಕಿನ ಈ ಕೃಷ್ಣಾ ದಂಡೆಯಲ್ಲಿ ಗಿರಿಜವ್ವ ಅಂಬಿ, ಸೀರೆ ಮೇಲೆತ್ತಿ ಕಟ್ಟಿ, ಕಂಕುಳಲ್ಲಿ ಜೋಳದ ದಂಟಿನ ಕಟ್ಟು ಹಿಡಿದು ಬರಿಗಾಲಲ್ಲಿ ಮರಳಿಗೆ ಇಳಿಯುತ್ತಾರೆ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಆಚೆ ದಂಡೆಯ ಹೊಲಗಳಿಗೆ ಜನ ಇಲ್ಲೇ ನಡೆದು ದಾಟುತ್ತಾರೆ. ಗಿರಿಜವ್ವ ಮೊದಲು ಹೋಗಿ, ಗಟ್ಟಿ ನೆಲದಗುಂಟ ದಂಟು ನೆಟ್ಟು ಬರುವ ತನಕ ಯಾರೂ ಕಾಲಿಡುವುದಿಲ್ಲ. ಊರಿನ ರೂಢಿ ಅದು. ಸಂಬಳ ಗಿಂಬಳ ಏನೂ ಇಲ್ಲ. ಸುಗ್ಗಿಯಲ್ಲಿ ಮನೆಮನೆಯಿಂದ ಒಂದಿಷ್ಟು ಜೋಳ, ಅಷ್ಟೇ.

ಮರಳಿನಲ್ಲಿ ನೋಡುವುದೇನಿದೆ ಎಂದುಕೊಂಡೇ ನಾನು ಮೊದಲ ಸಲ ಬಂದಿದ್ದೆ. ಅಬ್ಬಾ, ಅದಕ್ಕೆಷ್ಟು ಬಣ್ಣ! ಮಹಾನವಮಿಗೆ ನೀರು ಇಳಿದಾಗ ಕಪ್ಪು ಮೆಕ್ಕಲು, ಸಂಕ್ರಾಂತಿಯ ಮಂಜಿನಲ್ಲಿ ಹೊಳೆ ಯಾವುದು ದಂಡೆ ಯಾವುದು ತಿಳಿಯದು, ಶಿವರಾತ್ರಿ ದಾಟಿದರೆ ಸಕ್ಕರೆಯಂಥ ಹೊಳಪು.

"ಮುಂಜಾನೆ ಬಿಸಿಲ ಅಡ್ಡ ಬೀಳತೈತ್ರಿ, ಹಸಿ ಇದ್ದಲ್ಲಿ ಕರ್ರಗ ಕಾಣತೈತಿ. ಮಧ್ಯಾಹ್ನ ಎಲ್ಲಾ ಬೆಳ್ಳಗ, ಆಗ ಕಣ್ಣ ನಂಬಬಾರದು. ಮಳಿ ಬಿದ್ದರಂತೂ ಮ್ಯಾಲ ಗಟ್ಟಿ, ತಳಗ ಹುದಲ" ಎನ್ನುತ್ತಾರೆ ಗಿರಿಜವ್ವ. ಹುದಲೆಂದರೆ ಕಾಲಿಟ್ಟವರನ್ನು ಒಳಗೆಳೆಯುವ ಕೆಸರು.

ನಿನ್ನೆ ಅಕಾಲಿಕ ಮಳೆ ಬಿದ್ದಿದೆ. ಇಂದು ಮೋಡ. ಮರಳೆಲ್ಲ ಬೂದಿಯ ಹಾಗೆ ಒಂದೇ ಬಣ್ಣ. ಗಿರಿಜವ್ವ ನಡುವೆ ನಿಂತು, ಹೆಬ್ಬೆರಳಿನಿಂದ ಒತ್ತಿ ನೋಡಿ, ನೆಟ್ಟ ದಂಟುಗಳನ್ನೂ ಕಿತ್ತುಕೊಂಡು ವಾಪಸ್ ಬರುತ್ತಾರೆ.

"ಇವತ್ತ ಬ್ಯಾಡ್ರಿ. ನನಗ ತಿಳೀವಲ್ದು."

ಹಾಲು ಹಿಂಡಲು ಹೊರಟಿದ್ದ ಬಾಳಾಸಾಬ ರೇಗುತ್ತಾನೆ. "ಎಮ್ಮಿ ಆಚೀ ದಂಡ್ಯಾಗ ಅದಾವಬೇ! ಸೇತುವಿ ಸುತ್ತ ಹಾಕಿ ಹೋದ್ರ ಹೊತ್ತ ನೆತ್ತಿಗೆ ಬರತೈತಿ. ವಯಸ್ಸಾತು ನಿನಗ, ಅಂಜಾಕತ್ತಿ."

"ಬೈಯೋ ತಮ್ಮಾ, ಬೈ. ಆದ್ರ ಸುತ್ತಿ ಹೋಗು."

ಅವನು ಗೊಣಗುತ್ತ ಸೇತುವೆಯ ದಾರಿ ಹಿಡಿಯುತ್ತಾನೆ. ಒಂಬತ್ತರ ಹೊತ್ತಿಗೆ ಮೋಡ ಸರಿದಾಗ ಗಿರಿಜವ್ವ ಮತ್ತೆ ಇಳಿದು ಆಚೆ ದಂಡೆ ಮುಟ್ಟಿ ಬರುತ್ತಾರೆ. ನೆಲ ಎಲ್ಲೂ ಕುಸಿದಿಲ್ಲ. ಬೆಳಿಗ್ಗೆಯೂ ಗಟ್ಟಿಯೇ ಇತ್ತೆಂದು ತಾವೇ ಹೇಳುತ್ತಾರೆ. ಕಾದು ನಿಂತವರು ಕಿಸಕ್ಕನೆ ನಗುತ್ತಾರೆ.

ಬೇಜಾರಾಗಲಿಲ್ಲವೇ ಎಂದು ಕೇಳುತ್ತೇನೆ. ಅವರು ಕಾಲಿನ ಮರಳು ಒರೆಸಿಕೊಳ್ಳುತ್ತಾರೆ.

"ನನಗಿಂತ ಮೊದಲ ಈ ಕೆಲಸ ನಮ್ಮ ಮನಿಯವರದಿತ್ರಿ. ಬಾಳ ಶಾಣ್ಯಾ ಮನಷ್ಯಾ. ಇಂಥಾದ ಮಬ್ಬಿನಾಗ ಮಂದಿ ಗಡಿಬಿಡಿ ಮಾಡಿದ್ರು. ನಾಕ ಮಂದಿ ಮುಂದ ತಿಳೀವಲ್ದು ಅನ್ನಾಕ ಅವರಿಗಿ ನಾಚಿಕಿ ಆತು. ಇಳದ್ರು, ಹೊಳ್ಳಿ ಬರಲಿಲ್ಲ. ನನಗ ಆ ನಾಚಿಕಿ ಇಲ್ರಿ."