ಹಾಳೆಯ ಹಿಂಬದಿಯ ಹುಡುಗಿ

ಕನಕಪುರದಿಂದ ಬನಶಂಕರಿಗೆ ಐವತ್ತು ಕಿಲೋಮೀಟರು, ಸ್ವಲ್ಪ ಹೆಚ್ಚು ಕಡಿಮೆ. ಶ್ರಾವಣದ ಮೊದಲ ಶುಕ್ರವಾರ ಬೆಳಿಗ್ಗೆ ಏಳೂಕಾಲಕ್ಕೆ ಬಸ್ಸು ಹತ್ತಿದೆ. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರು ಶೂನ್ಯ ದರದ ಟಿಕೆಟ್ ಕೊಟ್ಟರು. ಮೂವತ್ತೊಂದು ವರ್ಷ ಪಿಟಿ ಟೀಚರಾಗಿ ಮಕ್ಕಳಿಗೆ ಸಾಲಾಗಿ ನಿಲ್ಲುವುದನ್ನು ಕಲಿಸಿದವಳು ನಾನು, ಆದರೂ ಸೀಟು ಸಿಕ್ಕಿದ್ದು ನಾಲ್ಕು ಜನರನ್ನು ನೂಕಿದ ಮೇಲೆಯೇ. ಬಸ್ಸಿನ ತುಂಬ ಬನಶಂಕರಿ ಅಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚಲು ಹೊರಟ ಹೆಂಗಸರು. ಪಕ್ಕದಲ್ಲಿ ಕುಳಿತಾಕೆ, "ನೀವೂ ದೀಪ ಹಚ್ಚಕ್ಕಾ ಅಕ್ಕ?" ಎಂದು ಕೇಳಿದರು.

"ಇಲ್ಲಮ್ಮ, ಒಂದು ಹುಡುಗೀನ ನೋಡೋಕೆ ಹೋಗ್ತಿದೀನಿ."

"ಮಗನಿಗಾ?"

ಮಗನಿಗಲ್ಲ, ಫುಟ್‌ಬಾಲಿಗೆ ಎಂದೆ. ಆಕೆ ನನ್ನ ನರೆಗೂದಲನ್ನೂ ಕೈಯಲ್ಲಿದ್ದ ಫೈಲನ್ನೂ ಒಮ್ಮೆ ನೋಡಿ, ಕಿಟಕಿಯ ಕಡೆ ತಿರುಗಿ ಕುಳಿತರು.

ನಮ್ಮೂರಿನ ಓದುಗರಿಗೆ ವಿಷಯವನ್ನು ಮೊದಲಿನಿಂದ ಹೇಳಬೇಕು. ಹೋದ ವರ್ಷ ಫುಟ್‌ಬಾಲ್ ಸಂಸ್ಥೆಯವರು ದೇಶಕ್ಕೆ ಹೆಣ್ಣುಮಕ್ಕಳ ಹೊಸದೊಂದು ಫುಟ್‌ಬಾಲ್ ತಂಡ ಕಟ್ಟಲು ಹೊರಟರು. ಹನ್ನೊಂದು ಜನ ಹುಲ್ಲಿನ ಮೇಲೆ ಆಡುವ ಆಟವಲ್ಲ, ಐದೈದು ಜನ ಗಟ್ಟಿ ನೆಲದ ಮೇಲೆ ಆಡುವ ಒಳಾಂಗಣದ ಆಟ. ಅದಕ್ಕೆ ತಂಡವೇ ಇರಲಿಲ್ಲವಾದ್ದರಿಂದ ಎಲ್ಲವೂ ಸೊನ್ನೆಯಿಂದ ಶುರುವಾಗಬೇಕಿತ್ತು. ಅಲ್ಲಲ್ಲಿ ಒಬ್ಬೊಬ್ಬರನ್ನು ಹಿಡಿದು, ಆಟ ನೋಡಿ ಒಂದು ಹೆಸರು ಕಳಿಸಿ ಎಂದರು. ಬೆಂಗಳೂರಿನ ದಕ್ಷಿಣ ಭಾಗ ನನ್ನ ಪಾಲಿಗೆ ಬಂತು. ನಿವೃತ್ತಿಯಾದ ಮೇಲೆ ಯಾರೂ ಕೇಳದಿದ್ದ ನನ್ನನ್ನು ದೇಶದ ತಂಡಕ್ಕೆ ಹೆಸರು ಕೊಡಿ ಎಂದು ಕೇಳಿದರಲ್ಲ, ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಜೆಪಿ ನಗರದ ಶಾಲೆಯೊಂದರ ಬಾಸ್ಕೆಟ್‌ಬಾಲ್ ಅಂಕಣದಲ್ಲಿ ಆಯ್ಕೆಯ ಪಂದ್ಯಗಳು ನಡೆದವು. ತುಂತುರು ಮಳೆ. ನಾನು ದೂರದ ತಗಡು ಶೀಟಿನ ಕೆಳಗೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದೆ. ಅಲ್ಲಿಂದ ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ಬನಿಯನ್ನಿನ ನಂಬರು ಮಾತ್ರ. ಸುದ್ದಗುಂಟೆಪಾಳ್ಯದ ತಂಡದಲ್ಲಿ ಹದಿನಾಲ್ಕನೇ ನಂಬರಿನ ಹುಡುಗಿ ಮೊದಲರ್ಧದಲ್ಲಿ ಎದುರಾಳಿಗಳ ಕಾಲಿನಿಂದ ಚೆಂಡು ಕಿತ್ತುಕೊಂಡಳು. ಎರಡನೇ ಅರ್ಧದಲ್ಲಿ ಅದೇ ಹದಿನಾಲ್ಕು ಎಡಗಾಲಿನಲ್ಲಿ ಆಡಿದ ಆಟ ನೋಡಿ ನಾನು ಎದ್ದು ನಿಂತುಬಿಟ್ಟಿದ್ದೆ. ಆ ತಂಡದ ತರಬೇತುದಾರರು ಹೆಸರು ಬರೆದು ಕೊಟ್ಟಿದ್ದ ಹಾಳೆ ನೋಡಿದೆ. 14, ಶಶಿಕಲಾ. ಎಡಗಾಲನ್ನು ಹೊಗಳಿ ಒಂದು ಪುಟ ಬರೆದು ಆ ಹೆಸರು ಕಳಿಸಿದೆ. ಇಲ್ಲಿ ಹುಡುಗಿಯರ, ಅವರ ತಂಡದವರ, ಓಣಿಯ ಹೆಸರುಗಳನ್ನು ಬದಲಿಸಿದ್ದೇನೆ, ಉಳಿದದ್ದೆಲ್ಲ ನಡೆದ ಹಾಗೆಯೇ ಇದೆ.

ತಂಡ ಆರಿಸುವ ಶಿಬಿರಕ್ಕೆ ಕರೆಸಿಕೊಂಡ ಶಶಿಕಲಾಳನ್ನು ಹನ್ನೆರಡನೇ ದಿನಕ್ಕೆ ವಾಪಸು ಕಳಿಸಿದರು. ಶಿಬಿರದ ಕೋಚ್, ಅವರೂ ಬೆಂಗಳೂರಿನವರೇ, ಫೋನು ಮಾಡಿ, "ಎಡಗಾಲು ಅಂತ ಬರೆದಿದ್ರಲ್ಲ ಮೇಡಂ, ಈ ಹುಡುಗೀಗೆ ಎಡಗಾಲು ಇರೋದು ನಿಂತ್ಕೊಳ್ಳೋಕೆ ಮಾತ್ರ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಆಟ ನೋಡಲು ನಿಮಗೆ ಕಣ್ಣಿಲ್ಲ ಎಂದು ಬಾಯಿಗೆ ಬಂದಂತೆ ಅಂದು ಫೋನಿಟ್ಟೆ. ಆಮೇಲೆ ಒಂದು ವರ್ಷ ಸಿಕ್ಕಸಿಕ್ಕವರ ಮುಂದೆಲ್ಲ ಆ ಮನುಷ್ಯನನ್ನು ಬೈದುಕೊಂಡು ತಿರುಗಿದೆ.

ಕಳೆದ ಭಾನುವಾರ ಎರಡನೇ ಶಿಬಿರಕ್ಕೆ ಹೆಸರು ಕಳಿಸಿ, ಶುಕ್ರವಾರ ಸಂಜೆ ಐದು ಗಂಟೆ ಕೊನೆ ಎಂದು ಸಂದೇಶ ಬಂತು. ಹಳೆಯ ಫೈಲು ತೆಗೆದೆ. ಆ ಹಾಳೆ ಕೈಜಾರಿ ನೆಲಕ್ಕೆ ಮಗುಚಿ ಬಿತ್ತು. ಹಿಂಬದಿಯಲ್ಲಿ ಅದೇ ಕೈಬರಹದಲ್ಲಿ "ಎರಡನೇ ಹಾಫ್" ಎಂದು ಬರೆದು ಬೇರೆ ಐದು ಹೆಸರುಗಳಿದ್ದವು. 14, ಮಂಜುಳಾ. ಹಾಳೆಯನ್ನು ನಾನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ.

ಅದಕ್ಕೇ ಈ ಪ್ರಯಾಣ. ಸಂಜೆ ಐದರೊಳಗೆ ಮಂಜುಳಾಳನ್ನು ಹುಡುಕಬೇಕು, ಒಪ್ಪಿಸಬೇಕು, ಹೆಸರು ಕಳಿಸಬೇಕು. ತಪ್ಪನ್ನು ತಿದ್ದಿಬಿಡಬಹುದು ಎಂಬ ಧೈರ್ಯ ಬೆಳಿಗ್ಗೆ ಇತ್ತು.

ಕಗ್ಗಲೀಪುರದಲ್ಲಿ ಮಳೆ ಹಿಡಿಯಿತು, ತಲಘಟ್ಟಪುರದಲ್ಲಿ ಬಿಟ್ಟಿತು. ಅಲ್ಲಿಂದ ಮುಂದೆ ತಲೆಯ ಮೇಲೆ ಮೆಟ್ರೋ, ಕೆಳಗೆ ನಾವು. ಬನಶಂಕರಿ ತಲುಪಿದಾಗ ಒಂಬತ್ತೂ ಹತ್ತು. ನಿಲ್ದಾಣದ ಎದುರಿನ ದರ್ಶಿನಿಯಲ್ಲಿ ನಿಂತುಕೊಂಡೇ ಎರಡು ಇಡ್ಲಿ, ಒಂದು ವಡೆ, ಕಾಫಿ ಮುಗಿಸಿದೆ. ಎಪ್ಪತ್ತೈದು ರೂಪಾಯಿ. ಚಟ್ನಿ ಚೆನ್ನಾಗಿತ್ತು, ಕಾಫಿಗೆ ಸಕ್ಕರೆ ಸುರಿದಿದ್ದರು.

ಬಿಟಿಎಂ ಕಡೆಯ ಸಿಟಿ ಬಸ್ಸು ಜಯದೇವ ಜಂಕ್ಷನ್ನಿನಲ್ಲಿ ಇಪ್ಪತ್ತು ನಿಮಿಷ ನಿಂತಿತು. ಇಳಿದು ಸುದ್ದಗುಂಟೆಪಾಳ್ಯದ ಒಳಗೆ ನಡೆದೆ. ಎರಡು ಕೈ ಚಾಚಿದರೆ ಎರಡೂ ಬದಿಯ ಗೋಡೆ ಸಿಗುವಂಥ ಗಲ್ಲಿಗಳು, ಪ್ರತಿ ಗೇಟಿನಲ್ಲೂ ಪಿಜಿಯ ಬೋರ್ಡು, ಬಾಲ್ಕನಿಗಳ ತುಂಬ ಒಣಗದ ಬಟ್ಟೆ. ತಂಡ ಕಟ್ಟಿ ತರಬೇತಿ ಕೊಡುವ ರಾಜಣ್ಣನವರ ಮನೆ ಯಾರನ್ನು ಕೇಳಿದರೂ ಹೇಳುತ್ತಾರೆ. ಅವರ ತಾತನ ಕಾಲಕ್ಕೆ ಅಲ್ಲಿ ರಾಗಿ ಹೊಲವಿತ್ತು. ಈಗ ಮೂರು ಮಹಡಿಯ ಲೇಡೀಸ್ ಪಿಜಿ. ಉಳಿಸಿಕೊಂಡ ಒಂದೇ ಒಂದು ಖಾಲಿ ಸೈಟಿಗೆ ಸಿಮೆಂಟು ಹಾಕಿಸಿ, ಓಣಿಯ ಹುಡುಗಿಯರಿಗೆ ಫುಟ್‌ಬಾಲ್ ಆಡಲು ಬಿಟ್ಟಿದ್ದಾರೆ. ಅಲ್ಲೂ ಕಟ್ಟಡ ಎಬ್ಬಿಸಬಹುದಿತ್ತಲ್ಲ ಎಂದು ಅವರ ಮನೆಯವರು ದಿನಾ ಅನ್ನುತ್ತಾರಂತೆ.

ರಾಜಣ್ಣ ನೀರಿನ ಮೋಟರು ರಿಪೇರಿ ಮಾಡಿಸುತ್ತಿದ್ದರು. ಹಾಳೆ ತೋರಿಸಿದೆ. ಹಿಂದೆ ಮುಂದೆ ನೋಡಿ, "ನಂದೇ ಬರಹ. ಏನಾಯ್ತು ಮೇಡಂ?" ಎಂದರು.

"ಹದಿನಾಲ್ಕನೇ ನಂಬರು ಇಬ್ಬರಿಗೆ ಹೇಗೆ ಬಂತು ರಾಜಣ್ಣ?"

"ನಮ್ ಹತ್ರ ಇರೋದು ಐದು ಜೊತೆ ಶೂ ಮೇಡಂ. ಹುಡುಗೀರು ಹತ್ತು ಜನ. ಅದಕ್ಕೆ ಕಾಲಿನ ಸೈಜು ಒಂದೇ ಇರೋರನ್ನ ಜೋಡಿ ಮಾಡಿದೀನಿ. ಮೊದಲ್ನೇ ಹಾಫ್ ಒಬ್ಳು, ಎರಡನೇ ಹಾಫ್ ಇನ್ನೊಬ್ಳು. ಶೂ ಬಿಚ್ಚಿ ಕೊಡೋವಾಗ ಮೇಲೆ ಹಾಕೋ ನಂಬರ್ ಬನಿಯನ್ನೂ ಬಿಚ್ಚಿ ಕೊಟ್ಬಿಡ್ತಾರೆ. ಶುರುವಿಂದ ಹಂಗೇ ರೂಢಿ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಬರೆದು ಕೊಟ್ಟಿದ್ನಲ್ಲ ಮೇಡಂ" ಎಂದರು. ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಶಶಿಯ ಹೆಸರು ಬಂದಾಗ ನಿಮಗೇನೂ ಅನ್ನಿಸಲಿಲ್ಲವೇ ಎಂದು ಕೇಳಿದೆ. ರಾಜಣ್ಣ ಮೋಟರಿನವನಿಗೆ ಏನೋ ಹೇಳಿ ಕಳಿಸಿ, ಜಗುಲಿಯ ಮೇಲೆ ಕುಳಿತರು. "ಅನ್ನಿಸ್ತು. ಶಶಿ ಒಳ್ಳೆ ಆಟಗಾರ್ತಿನೇ, ಆದ್ರೆ ಮಂಜು ಬೇರೆ ಲೆಕ್ಕ. ಆದ್ರೂ ದೇಶದ ಟೀಮಿಗೆ ಆರಿಸೋರು ಅಂದ್ರೆ, ನಮಗೆ ಕಾಣ್ದೇ ಇರೋದೇನೋ ಕಂಡಿರತ್ತೆ ಅಂದ್ಕೊಂಡೆ. ಮಂಜುಗೂ ಅದನ್ನೇ ಹೇಳ್ದೆ."

"ಏನಂತ ಹೇಳಿದ್ರಿ?"

"ನೋಡಮ್ಮ, ಇಬ್ರನ್ನೂ ನೋಡಿದಾರೆ, ನೋಡಿ ಅವಳನ್ನ ತಗೊಂಡಿದಾರೆ, ನಿನ್ನಲ್ಲಿ ಇನ್ನೂ ಏನೋ ಕಮ್ಮಿ ಇದೆ ಅಂತ."

ನಾನು ಹಾಳೆಯನ್ನು ಫೈಲಿನೊಳಗೆ ಇಟ್ಟೆ. ಮಂಜುಳಾ ಆಮೇಲೆ ಎರಡು ವಾರ ಬಂದು, ಬರುವುದನ್ನೇ ನಿಲ್ಲಿಸಿದಳಂತೆ. ಶಶಿ ಈಗಲೂ ಬರುತ್ತಾಳೆ. ಒಂದೇ ಜೊತೆ ಶೂ ಹಂಚಿಕೊಂಡು ಆರು ವರ್ಷ ಆಡಿದವರ ನಡುವೆ ಈಗ ಮಾತುಕತೆಯಿಲ್ಲ. ಮಂಜುಳಾ ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಸೀರೆಗೆ ಫಾಲ್ ಹಚ್ಚುವ ಅಂಗಡಿಯಲ್ಲಿದ್ದಾಳೆ ಎಂದು ರಾಜಣ್ಣ ಗುರುತು ಹೇಳಿದರು. ಊಟ ಮಾಡಿಕೊಂಡು ಹೋಗಿ ಎಂದರೂ ನನಗೆ ಕೂರಲು ಮನಸ್ಸಾಗಲಿಲ್ಲ.

ಆಟೋದವರು ನೂರಾ ಇಪ್ಪತ್ತು ಕೇಳಿದರು. ಮೀಟರು ಹಾಕಿ ಎಂದು ಜಗಳವಾಡುವ ಹೆಂಗಸು ನಾನು, ಅವತ್ತು ಸುಮ್ಮನೆ ಹತ್ತಿದೆ. ನಾಲ್ಕನೇ ಬ್ಲಾಕಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಫುಟ್‌ಪಾತಿನ ಮೇಲೆಲ್ಲ ಲಕ್ಷ್ಮಿಯ ಮುಖವಾಡ, ಬಳೆ, ಗಾಜಿನ ಮಣಿಯ ಹಾರ. ಅಲ್ಲಿನ ಶಾಪಿಂಗ್ ಕಾಂಪ್ಲೆಕ್ಸಿನ ಹಿಂದಿನ ರಸ್ತೆಯಲ್ಲಿ ಅಂಗಡಿ ಸಿಕ್ಕಿತು, ಹುಡುಗಿ ಸಿಗಲಿಲ್ಲ. ತಯಾರಾದ ಸೀರೆಗಳನ್ನು ಮನೆಗಳಿಗೆ ಕೊಡಲು ಹೋಗಿದ್ದಾಳೆ, ಮೂರು ಗಂಟೆಗೆ ಬರುತ್ತಾಳೆ ಎಂದು ಅಂಗಡಿಯಾಕೆ ತಲೆಯೆತ್ತದೆ ಹೇಳಿದರು. ಹತ್ತಿರದ ಹೋಟೆಲಿನಲ್ಲಿ ಅನ್ನ ಸಾರು ತಿಂದು, ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡೆ. ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಕೋಣೆಯ ಹೊರಗೆ ನಿಂತ ಮಕ್ಕಳಿಗೆ ಹೇಗಿರುತ್ತದೆ ಎಂಬುದು ನನಗೆ ಅರವತ್ತೆರಡನೇ ವಯಸ್ಸಿಗೆ ತಿಳಿಯಿತು.

ಮೂರೂಕಾಲಕ್ಕೆ ಹೋದಾಗ ಅವಳು ಸ್ಟೂಲಿನ ಮೇಲೆ ಕುಳಿತು ಹಸಿರು ರೇಷ್ಮೆ ಸೀರೆಯ ಅಂಚಿಗೆ ಕೈಹೊಲಿಗೆ ಹಾಕುತ್ತಿದ್ದಳು. ನನ್ನನ್ನು ಗುರುತು ಹಿಡಿದು ಎದ್ದು ನಿಂತಳು. "ಮೇಡಂ, ಕೂತ್ಕೊಳ್ಳಿ" ಎಂದು ತನ್ನ ಸ್ಟೂಲನ್ನೇ ಸರಿಸಿದಳು. ಅಂಗಡಿಯಾಕೆ, "ಹತ್ತು ನಿಮಿಷ ಅಷ್ಟೇ, ಹಬ್ಬದ ಕೆಲಸ ಇದೆ" ಎಂದರು. ನಾನು ಹತ್ತು ಸಲ ತಯಾರು ಮಾಡಿಕೊಂಡದ್ದೆಲ್ಲ ಮರೆತುಹೋಯಿತು. ಹಾಳೆಯನ್ನು ಮುಂದಿಟ್ಟೆ.

ಅವಳು ಅದರ ಮುಂಬದಿ ಓದಿದಳು. ನಾನು ಹೇಳುವ ಮೊದಲೇ ಹಿಂಬದಿಗೆ ತಿರುಗಿಸಿದಳು.

"ನಾನು ಈ ಕಡೆ ನೋಡಲೇ ಇಲ್ಲ ಕಣಮ್ಮ" ಎಂದೆ. "ಎರಡು ಹಾಫೂ ಒಬ್ಬಳೇ ಆಡಿದ್ದು ಅಂದ್ಕೊಂಡೆ. ನಾನು ಕಳಿಸಿದ್ದು ನಿನ್ನನ್ನ. ಹೋಗಿದ್ದು ಶಶಿ."

"ಅಂದ್ರೆ, ನೀವು ಬರೆದಿದ್ದು ನನ್ನ ಬಗ್ಗೆನಾ?"

"ನಿನ್ನ ಬಗ್ಗೆನೇ."

"ಏನಂತ ಬರೆದಿದ್ರಿ?"

ಬಾಯಿಪಾಠವಾಗಿತ್ತು, ಹೇಳಿದೆ. ಎಡಗಾಲಿನಲ್ಲಿ ಚೆಂಡು ತಡೆದರೆ ಸದ್ದೇ ಆಗುವುದಿಲ್ಲ, ತಲೆಯೆತ್ತದೆಯೇ ಜೊತೆಗಾತಿ ಎಲ್ಲಿದ್ದಾಳೆಂದು ಈ ಹುಡುಗಿಗೆ ಗೊತ್ತಿರುತ್ತದೆ, ಇಂಥವಳನ್ನು ನನ್ನ ಸೇವೆಯ ಇಷ್ಟು ವರ್ಷದಲ್ಲಿ ನೋಡಿಲ್ಲ ಎಂದು ಬರೆದಿದ್ದೆ. ಅವಳು ಅಷ್ಟನ್ನೂ ಕೇಳಿಸಿಕೊಂಡಳು. ಆಮೇಲೆ ನಿಂತುಕೊಂಡೇ ಸೀರೆಗೆ ನಾಲ್ಕೈದು ಹೊಲಿಗೆ ಹಾಕಿದಳು.

ಇವತ್ತು ಐದು ಗಂಟೆಯೊಳಗೆ ಹೆಸರು ಕಳಿಸಬಹುದು, ಎರಡನೇ ಶಿಬಿರವಿದೆ, ನೀನು ಹೂಂ ಅಂದರೆ ಸಾಕು ಎಂದೆ. ಅವಳು ಹೂಂ ಅನ್ನಲಿಲ್ಲ.

"ಈಗ ಮೆಟ್ರೋ ಮೆಟ್ಟಿಲು ಹತ್ತಿದ್ರೇ ಏದುಸಿರು ಬರತ್ತೆ ಮೇಡಂ. ಹಬ್ಬದ ವಾರ ಬಿಟ್ಟು ಹೋದ್ರೆ ಆಂಟಿ ಬೇರೆಯವರನ್ನ ಇಟ್ಕೋತಾರೆ. ಹನ್ನೆರಡು ದಿನಕ್ಕೆ ನನ್ನನ್ನೂ ವಾಪಸ್ ಕಳಿಸಿದ್ರೆ?"

"ನಿನ್ನನ್ನ ಕಳಿಸಲ್ಲ ಕಣೇ. ಅಭ್ಯಾಸ ಮಾಡಿದ್ರೆ ಆ ಆಟ ಮತ್ತೆ ಬರತ್ತೆ."

ಅವಳು ಸೂಜಿಯನ್ನು ಸೀರೆಯ ಅಂಚಿಗೆ ಚುಚ್ಚಿಟ್ಟಳು. ದನಿ ಏರಿಸಲಿಲ್ಲ. "ಹೋದ್ ವರ್ಷ ಮೊದಲು ತುಂಬ ಅತ್ತೆ ಮೇಡಂ. ಆಮೇಲೆ ಕೋಪ ಬಂದು ಶಶಿ ಜೊತೆ ಮಾತು ಬಿಟ್ಟೆ. ಆಮೇಲೆ, ಸರಿ, ನಾನು ಅಷ್ಟೇನೂ ಚೆನ್ನಾಗಿ ಆಡ್ತಿರ್ಲಿಲ್ಲ ಅಂತ ಒಪ್ಕೊಂಡೆ. ಒಪ್ಕೊಂಡ ಮೇಲೇನೇ ನಿದ್ದೆ ಬರೋಕೆ ಶುರುವಾಗಿದ್ದು. ಈಗ ನೀವು ಬಂದು, ನೀನೇ ಚೆನ್ನಾಗಿ ಆಡ್ತಿದ್ದೆ ಅಂತಿದೀರ. ಇದನ್ನ ಇಟ್ಕೊಂಡು ನಾನೇನ್ ಮಾಡ್ಲಿ?"

ತಪ್ಪಾಯಿತು ಎಂದೆ. ಚಿಕ್ಕ ಹುಡುಗಿಯ ಎದುರು ಹಾಗೆ ಹೇಳಲು ನಾಚಿಕೆಯಾಗಲಿಲ್ಲ, ಹೇಳಿದ್ದರಿಂದ ಏನೂ ಆಗಲಿಲ್ಲ ಎಂಬುದೇ ಸಂಕಟ. ನನ್ನ ಮನಸ್ಸು ಹಗುರ ಮಾಡಿಕೊಳ್ಳಲು ಐವತ್ತು ಕಿಲೋಮೀಟರು ಬಂದು, ಭಾರವನ್ನು ಅವಳ ಮೇಲೆ ಇಳಿಸಿದ್ದೆ.

ಅಂಗಡಿಯಾಕೆ ಗಡಿಯಾರ ನೋಡಿದರು. ಮಂಜುಳಾ ನನ್ನ ಜೊತೆ ಮೆಟ್ಟಿಲಿನವರೆಗೆ ಬಂದಳು. "ನನ್ನ ಹೆಸರು ಯಾರಿಗೂ ಹೇಳ್ಬೇಡಿ ಮೇಡಂ. ವಿಷಯ ಶಶಿಗೆ ಗೊತ್ತಾಗೋದು ಬೇಡ. ಕ್ಯಾಂಪಲ್ಲಿ ತೆಗೆಸಿದ ಫೋಟೋನ ಅವರಮ್ಮ ದೇವರ ಪಟದ ಪಕ್ಕ ಹಾಕಿದಾರೆ" ಎಂದಳು. ಬನಶಂಕರಿ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೈ ಮಾಡಿ ತೋರಿಸಿ ಒಳಗೆ ಹೋದಳು. ರಸ್ತೆ ದಾಟಿ ತಿರುಗಿ ನೋಡಿದೆ. ಅವಳು ಸ್ಟೂಲಿನ ಮೇಲೆ ಕುಳಿತು ಸೀರೆಯನ್ನು ಮಡಿಲಿಗೆ ಎಳೆದುಕೊಂಡಿದ್ದಳು, ಆದರೆ ಹೊಲಿಯುತ್ತಿರಲಿಲ್ಲ.

ಬನಶಂಕರಿಯಲ್ಲಿ ಕನಕಪುರದ ಬಸ್ಸು ಹತ್ತಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಶಿಬಿರದ ಕೋಚ್‌ಗೆ ಫೋನು ಮಾಡಿದೆ. ಕಣ್ಣಿಲ್ಲದ್ದು ನಿಮಗಲ್ಲ, ನನಗೆ ಎಂದು ಶುರುಮಾಡಿ, ಶೂ, ಬನಿಯನ್ನು, ಹಾಳೆ ಎಲ್ಲವನ್ನೂ ಹೇಳಿದೆ. ಅವರು ಎಲ್ಲ ಕೇಳಿ, "ಹಂಗಾದ್ರೆ ಆ ಎಡಗಾಲಿನ ಹುಡುಗಿ ನಿಜವಾಗ್ಲೂ ಇದಾಳಾ ಮೇಡಂ?" ಎಂದರು.

"ಇದಾಳೆ ಸಾರ್. ಬರಲ್ಲ ಅಂದ್ಲು."

"ನಮಗೆ ಎಡಗಾಲಿನವರು ಇನ್ನೂ ಸಿಕ್ಕಿಲ್ಲ. ಬರದಿದ್ರೂ ಪರವಾಗಿಲ್ಲ, ಹೆಸರು ಹೇಳಿ, ಬರ್ಕೊಂಡಿರ್ತೀನಿ."

ಬಸ್ಸು ಹೊರಟಿತು. ನಾನು ಹೆಸರು ಹೇಳಲಿಲ್ಲ. ಅದನ್ನು ಹೇಳಬೇಕಾಗಿದ್ದುದು ಹೋದ ವರ್ಷ.