ಬಾವುಟ ಇಳಿಸಿದವಳು ನಾನಲ್ಲ

ಶನಿವಾರ ಬೆಳಿಗ್ಗೆಯೇ ಪಕ್ಕದ ಮನೆಯಾತ ಅಂಗಳದಲ್ಲಿ ಮಾಂಸ ಸುಡಲು ಶುರುಮಾಡಿದನೆಂದರೆ ಅಂದು ಕಾಲೇಜು ಫುಟ್‌ಬಾಲ್ ಇದೆಯೆಂದೇ ಅರ್ಥ. ಸೀಡರ್ ಪಾರ್ಕ್ ಎಂಬ ಈ ಊರಿಗೆ ಬಂದು ಇಷ್ಟು ವರ್ಷವಾದರೂ ಇಲ್ಲಿನ ಯಾವ ಆಟವೂ ನನ್ನ ತಲೆಗೆ ಹತ್ತಿಲ್ಲ. ಆದರೆ ಆ ಹೊಗೆ ಅಡುಗೆಮನೆಗೆ ನುಗ್ಗಿದಾಗಲೆಲ್ಲ ನನ್ನ ಹೊಟ್ಟೆಕಿಚ್ಚು ನೆನಪಾಗುತ್ತದೆ. ನಗಬೇಡಿ, ಕೇಳಿ.

ಮೊದಲು ನಾವಿದ್ದ ಊರಿನ ನಗರಸಭೆಯ ಮುಂದೆ ಒಂದು ಹಳೆಯ ಬಾವುಟ ಹಾರುತ್ತಿತ್ತು. ಮನುಷ್ಯರನ್ನು ಕೊಂಡು ಮಾರುವ ಹಕ್ಕಿಗಾಗಿ ಯುದ್ಧಕ್ಕೆ ನಿಂತವರ ಬಾವುಟ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಕಪ್ಪು ಗೆಳತಿಯೊಬ್ಬಳು ನೀರಿನ ಬಿಲ್ ಕಟ್ಟಲು ಹೋದಾಗಲೂ ಅದರ ಕೆಳಗೇ ಹಾದುಹೋಗಬೇಕಿತ್ತು. ನನಗೆ ಸಿಟ್ಟು ಬಂತು. ಸಭೆಯಲ್ಲಿ ಯಾರು ಬೇಕಾದರೂ ಮೂರು ನಿಮಿಷ ಮಾತಾಡಬಹುದು ಎಂದು ಗೊತ್ತಾಗಿದ್ದೇ ತಡ, ರೇಷ್ಮೆ ಸೀರೆಯುಟ್ಟು ಹೊರಟೆ. ವರ್ಷಗಟ್ಟಲೆ ಮಾತಾಡಿದೆ. ಸದಸ್ಯರು ‘ಥ್ಯಾಂಕ್ಯೂ ಮ್ಯಾಮ್’ ಎಂದು ಚರಂಡಿಯ ವಿಷಯಕ್ಕೆ ಹೋಗುತ್ತಿದ್ದರು.

ನಮ್ಮ ಕನ್ನಡ ಸಂಘದ ಅಧ್ಯಕ್ಷ ಅಂಕಲ್ ಅಂತೂ, “ನಮಗ್ಯಾಕಮ್ಮಾ ಈ ಊರಿನ ಉಸಾಬರಿ? ಗ್ರೀನ್ ಕಾರ್ಡ್ ಬರೋವರೆಗೂ ತೆಪ್ಪಗಿರು” ಎಂದರು.

ಅಷ್ಟರಲ್ಲಿ ಕಾಲೇಜು ಕ್ರೀಡಾ ಲೀಗಿನವರು ಒಂದು ಮಾತು ಹೇಳಿದರು: ಆ ಬಾವುಟ ಇರುವ ತನಕ ನಿಮ್ಮೂರಲ್ಲಿ ಸಾಫ್ಟ್‌ಬಾಲ್ ಟೂರ್ನಿ ಇಲ್ಲ. ಆ ವರ್ಷದ್ದನ್ನು ರದ್ದೂ ಮಾಡಿದರು. ವ್ಯಾಪಾರ ಹೋಯಿತೆಂದು ಹೋಟೆಲಿನವರು ಬಾಯಿ ಬಾಯಿ ಬಡಿದುಕೊಂಡರು. ಬಾವುಟ ಇಳಿಯಿತು! ಅಯ್ಯೋ, ನನ್ನ ಅಷ್ಟು ವರ್ಷದ ಮಾತಿಗಿಲ್ಲದ ಬೆಲೆ ಚೆಂಡು ಹೊಡೆಯುವವರ ಒಂದು ಸಾಲಿಗೆ! ಕುಣಿದಾಡಬೇಕಾದ ದಿನ ನಾನು ಪಾತ್ರೆ ಕುಕ್ಕುತ್ತ ಕೂತೆ.

ಉರಿಗೆ ತುಪ್ಪ ಬೇರೆ ಬಿತ್ತು. ಲೀಗಿಗೆ ಪಟ್ಟುಹಿಡಿದು ಹೇಳಿದ ಆಟಗಾರ್ತಿಯರಲ್ಲಿ ನಮ್ಮ ಸಂಘಕ್ಕೆ ಬರುತ್ತಿದ್ದ ಅಲೆನ್ ಊರಿನ ಶಾರದಾಳ ಮಗಳು ಮೇಘನಾಳೂ ಇದ್ದಳಂತೆ. ಸಂಘದವರು ಸನ್ಮಾನ ಇಟ್ಟರು. ಅದೇ ಅಂಕಲ್ ಫೋನ್ ಮಾಡಿ, “ವಿಷಯ ಪೂರ್ತಿ ಗೊತ್ತಿರೋದು ನಿನಗೇ ಅಲ್ವೇನಮ್ಮಾ, ಅಭಿನಂದನೆ ನೀನೇ ಮಾಡಿಬಿಡು” ಎಂದರು. ಮಾಡಿದೆ. ಶಾಲು ಹೊದಿಸಿದೆ, ಹಣ್ಣಿನ ತಟ್ಟೆ ಕೊಟ್ಟೆ. ಮೈಸೂರು ಪೇಟವನ್ನು ಮಾತ್ರ ಅವಳ ತಲೆಗೆ ಕೊಂಚ ಬಿಗಿಯಾಗಿಯೇ ಒತ್ತಿ ಕೂರಿಸಿದೆ.

ಊಟದ ಹೊತ್ತಿಗೆ ಹುಡುಗಿ ಕಾಣಲಿಲ್ಲ. ನೋಡಿದರೆ ಪಾರ್ಕಿಂಗಿನಲ್ಲಿ ಕಾರೊಳಗೆ ಕೂತು ಅಳುತ್ತಿದ್ದಳು. ಕಾರಿನ ಪಕ್ಕ ನಿಂತಿದ್ದ ಶಾರದಾ ಮೆಲ್ಲಗೆ ಹೇಳಿದಳು: “ಇದು ಕಾಲೇಜಿನ್ಯಾಗ ಆಕೀ ಕಡೀ ವರ್ಷ ಇತ್ರೀ ಅಕ್ಕಾರ. ಟೂರ್ನಿ ರದ್ದಾತು, ಆಟಾನೂ ಮುಗೀತು. ನಮ್ಮವ್ವ ಹುಬ್ಬಳ್ಳಿಯಿಂದ ಅದನ್ನ ನೋಡಾಕಂತನ ಬಂದಿದ್ಲು.”

“ಹಾಗಾಗುತ್ತೆ ಅಂತ ಗೊತ್ತಿತ್ತೇನೆ?” ಎಂದು ಮೇಘನಾಳನ್ನು ಕೇಳಿದೆ.

“ಯಾ ಆಂಟಿ. ವಿ ಆಲ್ ನ್ಯೂ, ಎಲ್ರಿಗೂ ಗೊತ್ತಿತ್ತು” ಎಂದು ಮೂಗು ಒರೆಸಿಕೊಂಡಳು.

ನಾನೋ, ನಗರಸಭೆಯಲ್ಲಿ ಮೂರು ನಿಮಿಷ ಮಾತಾಡಿ ಮನೆಗೆ ಬಂದು ಬಿಸಿಬಿಸಿ ಸಾರನ್ನ ಉಂಡು ಮಲಗುತ್ತಿದ್ದವಳು. ಕಾರಿನ ಬಾಗಿಲು ತೆಗೆದು ಅವಳ ಪಕ್ಕದಲ್ಲಿ ಹೋಗಿ ಕೂತೆ.

ಮೇಘನಾ ಈಗ ಹ್ಯೂಸ್ಟನ್ನಿನಲ್ಲಿ, ತೈಲ ಕಂಪನಿಗಳಿರುವ ಎನರ್ಜಿ ಕಾರಿಡಾರಿನಲ್ಲಿ ಕೆಲಸಕ್ಕಿದ್ದಾಳೆ. ಭಾನುವಾರ ಆಫೀಸಿನವರ ಜೊತೆ ಪಾರ್ಕಿನಲ್ಲಿ ಆಡುತ್ತಾಳೆ. ಆಗಾಗ ಡ್ರೈವ್ ಮಾಡಿಕೊಂಡು ಹೋಗಿ ನೋಡುತ್ತೇನೆ, ತಪ್ಪು ಜಾಗದಲ್ಲಿ ಚಪ್ಪಾಳೆ ತಟ್ಟುತ್ತೇನೆ. ಕಳೆದ ವಾರ ಅವಳು ಹೊಡೆದ ಚೆಂಡು ಬೇಲಿ ದಾಟಿತು. ನಾನು ಕಿರುಚಿದ್ದು ಕೇಳಿ ಪಕ್ಕದಲ್ಲಿದ್ದಾಕೆ, ನಿಮ್ಮ ಮಗಳೇ ಎಂದು ವಿಚಾರಿಸಿದಳು.

ಅಲ್ಲ ಎಂದೆ. ಶಾರದಾಳ ಮೇಲೆ ಎಲ್ಲಿಲ್ಲದ ಹೊಟ್ಟೆಕಿಚ್ಚಾಯಿತು.