ನಮ್ಮ ಬಾಯಲ್ಲಿ ಪಕ್ಕದವರ ಮಾತು

ಅವರ ಕಾಲ್ಬೆರಳುಗಳು ಸದಾ ನೀರಲ್ಲಿ ನೆನೆದು ಸುಕ್ಕುಗಟ್ಟಿ ಬೆಳ್ಳಗಾಗಿರುತ್ತಿದ್ದವು. ನಾನು ಅವರನ್ನು ಮೊದಲು ಕಂಡಾಗಲೂ ಚಪ್ಪಲಿ ಕೈಯಲ್ಲಿತ್ತು. ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೊಣನೂರಿನ ಕೆಳಗೆ ಕಾವೇರಿ ತಿರುವು ತೆಗೆದುಕೊಳ್ಳುವ ಕಡೆ ಮೊಣಕಾಲಿನವರೆಗಿನ ನೀರಲ್ಲಿ ನಿಂತಿದ್ದರು. ಮಾಘದ ಬೆಳಗು. ಮಂಜು ಹೊಳೆಯ ಮೇಲೆ ಮಲಗಿದ್ದು ಇನ್ನೂ ಎದ್ದಿರಲಿಲ್ಲ. ಆಚೆ ದಡ ಇದೆಯೋ ಇಲ್ಲವೋ ಎನ್ನುವಂತಿತ್ತು. ತಡೆಗೋಡೆಗೆ ಜಾಗ ನೋಡಲು ಬಂದಿದ್ದ ನಾನು, "ಯಾರಮ್ಮ ಅದು? ಅಲ್ಲಿ ಆಳ ಅದೆ, ಈಚೆಗೆ ಬನ್ನಿ" ಎಂದು ಕೂಗಿದೆ. ಅವರು ತುಟಿಯ ಮೇಲೆ ಬೆರಳಿಟ್ಟು ಹೊಳೆಯ ಕಡೆ ಕೈ ತೋರಿಸಿದರು.

ಮಂಜಿನೊಳಗಿಂದ ಸಿಳ್ಳಿನಂಥ ದನಿ ಬಂತು. ಆಮೇಲೆ ಕಪ್ಪಗೆ, ಗುಂಡಗೆ, ಒಂದು ತಲೆ. ಅದರ ಹಿಂದೆ ಇನ್ನೆರಡು ಪುಟ್ಟ ತಲೆ. ನೀರುನಾಯಿ, ಅದರ ಮರಿಗಳು. ಹೊಳೆಮತ್ತಿ ಮರದ ಬೇರುಗಳ ಸಂದಿಗೆ ನುಸುಳಿ ಮಾಯವಾದವು. ಹುಟ್ಟಿದಾಗಿನಿಂದ ಆ ಹೊಳೆ ದಡದಲ್ಲಿ ಓಡಾಡಿದ ನಾನು ಅಷ್ಟು ಹೊತ್ತು ಸುಮ್ಮನೆ ನಿಂತು ನೀರು ನೋಡಿದ್ದು ಅದೇ ಮೊದಲು.

ಹಾಸನದ ಕಚೇರಿಯೊಂದರಿಂದ ಬಂದವರು ಅವರು. ಗಿಡಮರ, ಪ್ರಾಣಿಪಕ್ಷಿ ಉಳಿಸಲಿಕ್ಕೆಂದೇ ಇರುವ ಸರ್ಕಾರಿ ಸಂಸ್ಥೆಯ ಅಧಿಕಾರಿ. ಸುತ್ತಿನವರೆಲ್ಲ ಹೊಳೆ ಮೇಡಂ ಎಂದರು, ನಾನೂ ಹಾಗೇ ಕರೆದೆ. ಜೀಪು ಇದ್ದರೂ ಬಸ್ಸಿನಲ್ಲೇ ಬರುತ್ತಿದ್ದರು. "ಜೀಪು ಕಂಡರೆ ಜನ ಮಾತು ನುಂಗಿಬಿಡ್ತಾರೆ ಮೇಸ್ತ್ರಿಗಳೇ" ಎನ್ನುತ್ತಿದ್ದರು. ಸೆರಗಿನ ತುದಿಯಲ್ಲಿ ಕಡ್ಲೆಪುರಿ ಕಟ್ಟಿಕೊಂಡಿರುತ್ತಿದ್ದರು. ಮಾತಿಗೆ ಕೂತವರ ಅಂಗೈಗೆ ಒಂದೊಂದು ಹಿಡಿ ಹಾಕಿ ಆಮೇಲೆ ತಾವು ತಿನ್ನುತ್ತಿದ್ದರು. ಚನ್ನರಾಯಪಟ್ಟಣದ ಕಡೆಯ ಒಣ ಊರಿನವರು. ಒಮ್ಮೆ ಹರಿಗೋಲಿನಲ್ಲಿ ಕೂತು, ಕಣ್ಣು ಮುಚ್ಚಿಕೊಂಡು, ಬೆರಳನ್ನು ನೀರಲ್ಲಿ ಎಳೆಯುತ್ತಾ ಹೇಳಿದ್ದರು: "ನಮ್ಮೂರಲ್ಲಿ ನೀರು ಅಂದ್ರೆ ಬಾವಿ ತಳದಲ್ಲಿ ಕಾಣೋ ಒಂದು ತುಂಡು ಆಕಾಶ. ಹರಿಯೋ ನೀರು ನೋಡಿದಾಗ ನಾನು ಎದ್ದಿದೀನೋ ಕನಸಲ್ಲಿದೀನೋ ಅಂತ ಈಗ್ಲೂ ಅನುಮಾನ."

ನನ್ನ ವಿಚಾರ ಹೇಳಬೇಕು. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಅದಕ್ಕೆ ತಲೆ ತಗ್ಗಿಸಿದವನಲ್ಲ. ಮಲ್ಲಿಪಟ್ಟಣದಿಂದ ಹೊಳೆನರಸೀಪುರದವರೆಗೆ ನಾನು ಕಟ್ಟಿದ ಮೋರಿ, ತಡೆಗೋಡೆ ನಿಂತಿವೆ, ನೋಡಿಕೊಳ್ಳಬಹುದು. ಆ ವರ್ಷ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲವನ್ನೂ ಸೇರಿಸಿ ಒಂದು ದೊಡ್ಡ ಯೋಜನೆ ತಯಾರಾಗುತ್ತಿತ್ತು. ರಸ್ತೆ ಎಲ್ಲಿ, ಬಡಾವಣೆ ಎಲ್ಲಿ, ಹೊಳೆದಂಡೆಗೆ ಗೋಡೆ ಎಲ್ಲಿ ಎಂಬುದೆಲ್ಲ ಅದರಲ್ಲಿ. ನಮ್ಮ ತಿರುವಿಗೆ ಎತ್ತರದ ಕಾಂಕ್ರೀಟ್ ಗೋಡೆ ಎಂದು ಬರೆದಿತ್ತು. ಆ ಕೆಲಸ ನನಗೇ ಬರುವುದಿತ್ತು. ಅಂಥ ಗೋಡೆ ಕಟ್ಟಬೇಕೆಂಬುದು ನನ್ನ ಬಹಳ ದಿನದ ಆಸೆ.

ಗೋಡೆ ಬೇಕೆಂದು ಎಲ್ಲರಿಗಿಂತ ಜೋರಾಗಿ ಕೇಳಿದವರು ಪುಟ್ಟಮ್ಮಕ್ಕ. ತಿರುವಿನಲ್ಲಿದ್ದ ಅವರ ತೆಂಗಿನ ತೋಟವನ್ನು ಹೊಳೆ ಪ್ರತಿ ಮಳೆಗಾಲ ಒಂದಿಷ್ಟು ತಿನ್ನುತ್ತಿತ್ತು. ಆದರೆ ಗೋಡೆ ಬಂದರೆ ದಡದ ಹೊಳೆಮತ್ತಿ ಮರಗಳೆಲ್ಲ ಹೋಗಬೇಕು, ಬೇರಿನೊಳಗಿನ ನೀರುನಾಯಿ ಮನೆಯೂ ಹೋಗಬೇಕು. ಮೇಡಂ ಅದನ್ನು ಹೇಳಿದಾಗ ಪುಟ್ಟಮ್ಮಕ್ಕ ಸೊಂಟದ ಮೇಲೆ ಕೈಯಿಟ್ಟರು.

"ನಾಯಿಗಿರೋ ಮರ್ವಾದೆ ನನ್ ತ್ವಾಟಕ್ಕಿಲ್ವಾ ಕಣವ್ವ? ಅದ್ಕೆ ಓಟು ಅದಾ, ರೇಷನ್ ಕಾರ್ಡ್ ಅದಾ?"

"ಇಲ್ಲ ಪುಟ್ಟಮ್ಮಕ್ಕ. ಅದಕ್ಕೇ ನಾನು ಬಂದಿರೋದು" ಎಂದು ಮೇಡಂ ನಕ್ಕರು.

"ನೀವೊಂದು ಮಾತು ಹೇಳಿದ್ರೆ ಗೋಡೆ ನಿಂತು ಹೋಗ್ತದಲ್ವಾ?" ಎಂದು ನಾನು ಸ್ವಲ್ಪ ಬಿಗಿಯಾಗಿಯೇ ಕೇಳಿದೆ.

"ನಿಲ್ಲಿಸೋ ಅಧಿಕಾರ ನಮಗಿಲ್ಲ ಮೇಸ್ತ್ರಿಗಳೇ. ಅಭಿಪ್ರಾಯ ಕೊಡಬಹುದು ಅಷ್ಟೆ. ಆದ್ರೆ ಎಲ್ಲರನ್ನೂ ಒಂದು ಕಡೆ ಕೂರಿಸಬಹುದು."

ಕೂರಿಸಿದರು. ಅರಕಲಗೂಡಿನ ಒಂದು ಸಭಾಂಗಣದಲ್ಲಿ ಯೋಜನೆಯ ಇಂಜಿನಿಯರು, ಪುಟ್ಟಮ್ಮಕ್ಕ, ಹರಿಗೋಲಿನಲ್ಲಿ ಮೀನು ಹಿಡಿಯುವ ಸಣ್ಣಪ್ಪ, ನಾನು. ಅಲ್ಲಿ ಅವರದೊಂದು ವಿಚಿತ್ರ ಪದ್ಧತಿ ಇತ್ತು. ಯಾರೂ ತಮ್ಮ ಮಾತು ತಾವು ಆಡುವ ಹಾಗಿಲ್ಲ. ಇನ್ನೊಬ್ಬರ ಪರವಾಗಿ, ತಾನೇ ಅವರಾಗಿ ಮಾತಾಡಬೇಕು. ಇಂಜಿನಿಯರು ಪುಟ್ಟಮ್ಮಕ್ಕ, ಪುಟ್ಟಮ್ಮಕ್ಕ ಇಂಜಿನಿಯರು. ಸಣ್ಣಪ್ಪ ನಾನಾಗಬೇಕು. ನನ್ನ ಪಾಲಿಗೆ ಬಂದದ್ದು ನೀರುನಾಯಿ.

"ಇದೇನ್ ನಾಟಕ ಕಂಪ್ನಿನಾ?" ಎಂದ ಸಣ್ಣಪ್ಪನೇ ಮೊದಲು ಎದ್ದು ಎದೆ ಸೆಟೆಸಿದ. "ನಾನು ಮೇಸ್ತ್ರಿ. ನನ್ ಗ್ವಾಡೆ ಬೀಳಾಕಿಲ್ಲ. ಬೇಕಾದ್ರೆ ಒಳೆನೇ ಬೇರೆ ಕಡೆ ಓಗ್ಲಿ."

ಎಲ್ಲ ನಕ್ಕರು. ನನಗೆ ಮೈ ಉರಿಯಿತು. "ನಾನು ಯಾವತ್ತಲಾ ಅಂಗಂದೆ?" ಎಂದೆ. "ಬಾಯಲ್ಲಿ ಅಂದಿಲ್ಲ, ನಿಂತ್ಕೊಳೋದ್ರಲ್ಲೇ ಕಾಣ್ತದೆ ಕಣ್ಲಾ" ಎಂದ.

ಪುಟ್ಟಮ್ಮಕ್ಕ ಕುರ್ಚಿ ಬಿಟ್ಟು ಏಳಲೂ ಇಲ್ಲ. "ನಾನು ಇಂಜಿನೇರು. ಫಂಡು ಬಂದಿಲ್ಲ, ಮುಂದಿನ್ ವಾರ ಬಾರಮ್ಮ" ಎಂದರು. ಇಂಜಿನಿಯರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಮುಂದುವರಿಸಿದರು. "ಮರಾನೂ ಉಳೀಬೇಕು, ತ್ವಾಟಾನೂ ಉಳೀಬೇಕು ಅಂದ್ರೆ ಗ್ವಾಡೆನ ಮರದ ಇಂದಕ್ಕೆ ಆಕ್ಬೇಕು. ಇಂದಕ್ಕೆ ಆಕ್ಬೇಕು ಅಂದ್ರೆ ಆ ಯಮ್ಮ ಜಾಗ ಬುಡ್ಬೇಕು. ಆ ಯಮ್ಮ ಭಾಳ ಜೋರು. ಬುಡ್ತಾಳೋ ಇಲ್ವೋ, ನಾನೆಂಗೆ ಏಳ್ಲಿ?"

ಹೇಳಿ ಮುಗಿಸಿದ ಮೇಲೆ, ಆ ಯಮ್ಮ ಯಾರು ಎಂಬುದು ಅವರಿಗೆ ಹೊಳೆಯಿತು. ಬಾಯಿ ಮೇಲೆ ಸೆರಗು ಬಂತು.

ಇಂಜಿನಿಯರು ಪುಟ್ಟಮ್ಮಕ್ಕನಾಗಿ ಎದ್ದು, "ಬಿಡ್ತೀನಿ ಸಾರ್. ತೋಟದ ಹುಣಸೆ ಮರದವರೆಗೆ ಬಿಡ್ತೀನಿ" ಎಂದರು.

"ಯಾರ್ನ ಕೇಳಿ ಬುಡ್ತೀರಿ ಸಾ ನನ್ ಜಾಗವ?" ಎಂದು ಅಕ್ಕ ಗದರಿದರು. ಆದರೆ ದನಿಯಲ್ಲಿ ಮೊದಲಿನ ಕಾವು ಇರಲಿಲ್ಲ. ಇಂಜಿನಿಯರೂ ನಗಲಿಲ್ಲ. ನಿಂತಲ್ಲೇ ನಿಂತು ಮೆಲ್ಲಗೆ, "ಪ್ರತಿ ಮಳೆಗಾಲ ನನ್ನ ಮರ ನೀರಿಗೆ ಬೀಳೋದನ್ನ ಬಾಗಿಲಲ್ಲಿ ಕೂತು ನೋಡ್ತೀನಿ. ಒಮ್ಮೆ ನಾನೇ ಬಿಟ್ಟುಕೊಟ್ಟರೆ, ಉಳಿದಿದ್ದಾದ್ರೂ ನನ್ನದು ಅಂತ ನಿದ್ದೆ ಬರಬಹುದು" ಎಂದರು. ಆ ಮಾತು ಅವರಿಗೆ ಎಲ್ಲಿಂದ ಬಂತೋ. ಅಕ್ಕ ಅವರನ್ನೇ ನೋಡುತ್ತಾ ಕೂತುಬಿಟ್ಟರು.

ಕೊನೆಗೆ ನಾನು. ಊರೂರಲ್ಲಿ ಆಳುಗಳ ಮೇಲೆ ಕೂಗಾಡುವ ನಾನು ಕುರ್ಚಿಯ ಬೆನ್ನು ಹಿಡಿದು ಎದ್ದೆ. "ನಾನು ನೀರುನಾಯಿ" ಎಂದೆ. ಸಣ್ಣಪ್ಪ ಕಿಸಕ್ಕೆಂದ. ಮೇಡಂ ಕಣ್ಣಲ್ಲೇ ಅವನನ್ನು ಸುಮ್ಮನಾಗಿಸಿದರು. ನನಗೆ ಆ ಮಂಜು, ಆ ಪುಟ್ಟ ತಲೆಗಳು ಕಣ್ಣ ಮುಂದೆ ಬಂದವು. "ಮರಿ ಅವೆ ನಂಗೆ. ಒಳೆ ಏರಿದಾಗ ಅವನ್ನ ಬಾಯಲ್ಲಿ ಕಚ್ಕೊಂಡು ಮ್ಯಾಲಕ್ಕೆ ಬತ್ತೀನಿ. ನುಣ್ಣಗಿರೋ ಗ್ವಾಡೆ ಕಟ್ಟಿದ್ರೆ ಎಲ್ಲಿ ಕಾಲೂರ್ಲಿ?" ಅಷ್ಟೇ ಬಂತು. ಕೂತೆ.

ಪುಟ್ಟಮ್ಮಕ್ಕ ಆ ದಿನ ಒಪ್ಪಲಿಲ್ಲ. ಮೇಡಂ ಕೂಡ ಕೇಳಲಿಲ್ಲ. ಮುಂದೆ ಎಷ್ಟೋ ಸಲ ಬಂದರು, ಅಕ್ಕನ ಜಗಲಿಯಲ್ಲಿ ಕೂತು ಪುರಿ ತಿಂದು ಹೋದರು, ಜಾಗದ ಮಾತೇ ಎತ್ತಲಿಲ್ಲ. ಕೊನೆಗೆ ಅಕ್ಕನೇ ಒಂದು ಬೆಳಗ್ಗೆ ಹುಣಸೆ ಮರಕ್ಕೆ ಸುಣ್ಣ ಬಳಿದು ನನ್ನನ್ನು ಕರೆಸಿದರು. "ಇಲ್ಲಿಗಂಟ ಕಣಪ್ಪ. ಇದ್ರಿಂದ ಈಚೆಗೆ ಒಂದು ಕಲ್ಲು ಬಂದ್ರೂ ನಿನ್ ಕಾಲ್ ಮುರೀತೀನಿ" ಎಂದರು. ಮೇಡಂ ಅಕ್ಕನ ಆ ಒಪ್ಪಿಗೆ ಹಿಡಿದುಕೊಂಡು ಹಾಸನದ ಕಚೇರಿಯಿಂದ ಕಚೇರಿಗೆ ಅಲೆದರು. ಯೋಜನೆಯಲ್ಲಿ ಗೋಡೆಯ ಗೆರೆ ಹಿಂದಕ್ಕೆ ಸರಿಯಿತು, ಕಾಂಕ್ರೀಟು ಹೋಯಿತು. ಇಂಜಿನಿಯರು ಓರೆಯಾಗಿ ಮಲಗಿದ ಕಲ್ಲುಗೋಡೆಯ ನಕ್ಷೆ ಬರೆದುಕೊಟ್ಟರು. ಸಿಮೆಂಟಿಲ್ಲದೆ, ಸಂದು ಬಿಟ್ಟು, ಸಂದಿನಲ್ಲಿ ಮಣ್ಣು ಹಿಡಿಯಲು ಲಾವಂಚದ ಹುಲ್ಲು ನೆಟ್ಟು.

ಸಂದು ಬಿಡುವುದು ನನ್ನ ಕೈಗೆ ಬಲು ಕಷ್ಟವಾಯಿತು. ಸಂದು ಮುಚ್ಚುವುದೇ ಕೆಲಸ ಎಂದು ಬೆಳೆದವನು. ಮೇಡಂ ಬಂದು ಕಲ್ಲಿನ ಮೇಲೆ ಬರಿಗಾಲಲ್ಲಿ ಹತ್ತಿ ಇಳಿದು, "ಇಲ್ಲಿ ಕಾಲು ನಿಲ್ತದೆ ಮೇಸ್ತ್ರಿಗಳೇ" ಎನ್ನುತ್ತಿದ್ದರು. ಕೊನೆಯ ಸಲ ಬಂದಾಗ ಹತ್ತಲು ಆಗಲಿಲ್ಲ. ಕಾಯಿಲೆಯಿಂದ ಮೈ ಕರಗಿತ್ತು. ಸಣ್ಣಪ್ಪ ಹರಿಗೋಲಿನಲ್ಲಿ ಕೂರಿಸಿಕೊಂಡು ಗೋಡೆಯುದ್ದಕ್ಕೂ ನಿಧಾನ ಸಾಗಿಸಿದ. ಹೊಳೆಮತ್ತಿಯ ನೆರಳು ಅವರ ಮುಖದ ಮೇಲೆ ಹರಿಯುತ್ತಿತ್ತು. ನಿದ್ದೆಯೋ ಎಚ್ಚರವೋ ತಿಳಿಯದ ಹಾಗೆ ನಗುತ್ತಿದ್ದರು. ಮರುವರ್ಷ ಮಳೆ ಹಿಡಿಯುವ ಮುಂಚೆಯೇ ಹಾಸನದಲ್ಲಿ ತೀರಿಕೊಂಡರು. ಇಂಜಿನಿಯರು ಫೋನಿನಲ್ಲಿ ಹೇಳಿದಾಗ ನಾನು ಕಲ್ಲು ಇಳಿಸಿಕೊಳ್ಳುತ್ತಿದ್ದೆ. ಆ ದಿನ ಕೆಲಸ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅವರಿಗೆ ಇಷ್ಟವಾಗುತ್ತಿರಲಿಲ್ಲ ಎಂದುಕೊಂಡೆ.

ಆಷಾಢದಲ್ಲಿ ಹೊಳೆ ಬಂತು. ಬೆಳಗಾಗುತ್ತಲೇ ಓಡಿದೆ. ಕೆಂಪು ನೀರು ಮರಗಳ ಸೊಂಟ ಮುಟ್ಟಿತ್ತು. ಗೋಡೆಯ ಸಂದುಗಳಲ್ಲಿ ನುಗ್ಗಿ, ಒಳಗೆ ಸ್ವಲ್ಪ ಹೊತ್ತು ಸುತ್ತಾಡಿ, ಬಂದ ದಾರಿಯಲ್ಲೇ ಹೊರಗೆ ಹೋಗುತ್ತಿತ್ತು. ಒಂದು ಕಡೆ ನಾಲ್ಕಾರು ಕಲ್ಲು ಜರುಗಿದ್ದವು. ಉಳಿದದ್ದು ನಿಂತಿತ್ತು. ತೋಟ ನಿಂತಿತ್ತು.

ಪುಟ್ಟಮ್ಮಕ್ಕ ಗೋಣಿಚೀಲ ಹೊದ್ದು ತೆಂಗಿನ ಬುಡದಲ್ಲಿ ಬಗ್ಗಿ ನಿಂತಿದ್ದರು. ನನ್ನನ್ನು ಕಂಡು ಕೈಯಲ್ಲೇ ತಡೆದರು. ಕೆಸರಿನಲ್ಲಿ ಗೋಡೆಯಿಂದ ತೋಟದೊಳಕ್ಕೆ ಸಣ್ಣ ಸಣ್ಣ ಹೆಜ್ಜೆಗಳು ಹೋಗಿದ್ದವು. ಒಣಗರಿ ಪೇರಿಸಿದ ರಾಶಿಯ ಅಡಿಯಿಂದ ಆ ಸಿಳ್ಳಿನ ದನಿ ಬಂತು.

"ಮರಿ ಕಚ್ಕೊಂಡು ಬಂದ್ಬುಟ್ಟದೆ ಕಣ್ಲಾ" ಎಂದು ಅಕ್ಕ ಪಿಸುಗುಟ್ಟಿದರು. "ಗರಿ ತಕ್ಕೊಂಡೋಗಾಕೆ ಆಳು ಬತ್ತಾನೆ, ಬ್ಯಾಡ ಅಂತ ಏಳ್ಬುಡು. ನೀರು ಇಳಿಯಗಂಟ ಇಲ್ಲೇ ಇರ್ಲಿ."